ಗುಳೆ ಮುಗಿಸಿ ಊರಿಗೆ ಬಂದವರ ಪಿಎಫ್ ಪಿಂಚಣಿ: ತೆಗೆಯೋದಾ, ಉಳಿಸೋದಾ?

ಕೊಪ್ಪಳದ ಗವಿಮಠದ ಜಾತ್ರೆ ಮುಗಿದ ಮರುವಾರ ನನ್ನ ಅಂಗಡಿಯಲ್ಲಿ ಜನ ಜಾಸ್ತಿ. ಕುಷ್ಟಗಿಯಲ್ಲಿ ನನ್ನದೊಂದು ಸಣ್ಣ ಆನ್‌ಲೈನ್ ಸೆಂಟರ್ ಇದೆ. ಪಹಣಿ ತೆಗೆಯೋದು, ಬೆಳೆ ವಿಮೆ ತುಂಬೋದು, ಬಸ್ ಟಿಕೆಟ್ ಮಾಡೋದು, ಇಂಥ ಕೆಲಸ. ಜಾತ್ರೆಗೆಂದು ಬೆಂಗಳೂರಿನಿಂದ ಬಂದವರಲ್ಲಿ ಪ್ರತಿ ವರ್ಷ ಒಂದಷ್ಟು ಜನ ತಿರುಗಿ ಹೋಗುವುದಿಲ್ಲ. ಮನೆಯಲ್ಲಿ ವಯಸ್ಸಾದವರು ಹಾಸಿಗೆ ಹಿಡಿದಿರುತ್ತಾರೆ, ಮಗಳು ದೊಡ್ಡವಳಾಗಿರುತ್ತಾಳೆ, ಇಲ್ಲವೇ ಮೈಯೇ ಸೋತಿರುತ್ತದೆ. ಅವರು ಮೊಬೈಲ್ ಮುಂದೆ ಹಿಡಿದು ಹೇಳುವ ಮಾತು ಒಂದೇ: "ಪಿಎಫ್ ರೊಕ್ಕ ತೆಗೆದುಕೊಡ್ರಿ."

ನಾನು ಮೊದಲು ಕೇಳೋದು, "ಯಾವ ರೊಕ್ಕ?" ಯಾಕೆಂದರೆ ಅಲ್ಲಿ ಎರಡು ಗಂಟುಗಳಿವೆ. ಒಂದನ್ನು ಬಿಚ್ಚಿದರೆ ಇನ್ನೊಂದನ್ನೂ ಬಿಚ್ಚಲೇಬೇಕು ಅಂತೇನಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಮಂದಿ ಕೈಗೆ ಬರಲಿದ್ದ ಪಿಂಚಣಿ ಕಳೆದುಕೊಂಡಿದ್ದಾರೆ.

ನಿಮ್ಮ ಸಂಬಳದಲ್ಲಿ, ಅಂದರೆ ಬೇಸಿಕ್ (ಮೂಲ ಸಂಬಳ) ಮತ್ತು ಡಿಎ (ತುಟ್ಟಿಭತ್ಯೆ) ಸೇರಿದ ಮೊತ್ತದಲ್ಲಿ, ಶೇ. 12 ಹಿಡಿಯುತ್ತಾರೆ. ಅದು ಪೂರ್ತಿ ನಿಮ್ಮ ಪಿಎಫ್ ಗಂಟಿಗೆ ಹೋಗುತ್ತದೆ. ಮಾಲೀಕರೂ ಶೇ. 12 ಕಟ್ಟುತ್ತಾರೆ. ಆದರೆ ಅದರಲ್ಲಿ ಶೇ. 3.67 ಮಾತ್ರ ಪಿಎಫ್‌ಗೆ. ಉಳಿದ ಶೇ. 8.33 ಪಿಂಚಣಿ ಗಂಟಿಗೆ, ಅಂದರೆ 1995ರಲ್ಲಿ ಶುರುವಾದ ನೌಕರರ ಪಿಂಚಣಿ ಯೋಜನೆ, ಇಪಿಎಸ್‌ಗೆ. ಇದಕ್ಕೆ 15,000 ರೂಪಾಯಿ ಸಂಬಳದ ಮಿತಿ ಇದೆ. ಹಾಗಾಗಿ ತಿಂಗಳಿಗೆ ಹೆಚ್ಚೆಂದರೆ 1,250 ರೂಪಾಯಿ ಅಲ್ಲಿಗೆ ಬೀಳುತ್ತದೆ. ಪಿಎಫ್ ಪಾಸ್‌ಬುಕ್ ತೆಗೆದು ಕೊನೆಯ ಕಾಲಂ ನೋಡಿ. ಅದೇ ಪಿಂಚಣಿಯ ಕಾಲಂ. ಅಲ್ಲಿ ತಿಂಗಳ ತಿಂಗಳ ಅಂಕಿ ಕಂಡರೆ ನೀವು ಇಪಿಎಸ್‌ನಲ್ಲಿದ್ದೀರಿ. ಎಲ್ಲ ಕಡೆ ಸೊನ್ನೆ ಇದ್ದರೆ ಇಲ್ಲ.

ಎರಡು ಗಂಟುಗಳ ಸ್ವಭಾವವೇ ಬೇರೆ. ಪಿಎಫ್ ಗಂಟಿಗೆ ಬಡ್ಡಿ ಸೇರುತ್ತದೆ. 2024-25ಕ್ಕೆ ಅದು ಶೇ. 8.25 ಇತ್ತು. ಕೆಲಸ ಬಿಟ್ಟು ಬಂದರೂ 58 ವರ್ಷದವರೆಗೆ ಬಡ್ಡಿ ಬೀಳುತ್ತಲೇ ಇರುತ್ತದೆ. ಪಿಂಚಣಿ ಗಂಟಿಗೆ ಬಡ್ಡಿ ಅನ್ನೋದೇ ಇಲ್ಲ. ಅಲ್ಲಿ ಬೆಳೆಯೋದು ರೊಕ್ಕವಲ್ಲ, ವರ್ಷಗಳು. ಹತ್ತು ವರ್ಷ ತುಂಬಿದರೆ ಸಾಯುವವರೆಗೆ ಪಿಂಚಣಿ. ತುಂಬದಿದ್ದರೆ ಒಂದು ಸಲ ಕೈಗೆ ಬರುವ ಇಡುಗಂಟು, ಅಷ್ಟೇ.

ನನ್ನ ಅಕ್ಕನ ಲೆಕ್ಕ

ಅಕ್ಕ ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಕಾಲರ್ ಕೂಡಿಸುವ ಮಷೀನ್ ಮೇಲೆ ಕೂರುತ್ತಿದ್ದಳು. 35ನೇ ವಯಸ್ಸಿಗೆ ಸೇರಿ 44ಕ್ಕೆ ಬಿಟ್ಟು ಬಂದಳು. ಒಟ್ಟು 9 ವರ್ಷ 4 ತಿಂಗಳು. ಆಗ ನಾನು ಈ ಕೆಲಸಕ್ಕೆ ಇಳಿದಿರಲಿಲ್ಲ. ಅಲ್ಲೇ ಯಾರೋ ಏಜೆಂಟ್ 500 ರೂಪಾಯಿ ತೆಗೆದುಕೊಂಡು ಎರಡೂ ಫಾರ್ಮ್ ಹಾಕಿಬಿಟ್ಟ. ಫಾರ್ಮ್ 19 ಅಂದರೆ ಪಿಎಫ್ ಗಂಟು. ಫಾರ್ಮ್ 10ಸಿ ಅಂದರೆ ಪಿಂಚಣಿ ಗಂಟು.

ಇಪಿಎಸ್‌ನಲ್ಲಿ ಆರು ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಪೂರ್ತಿ ವರ್ಷ ಅಂತ ಹಿಡಿಯುತ್ತಾರೆ. ಅಂದರೆ 9 ವರ್ಷ 6 ತಿಂಗಳಾದರೆ ಹತ್ತು ವರ್ಷ ಆದ ಹಾಗೆ. ಅಕ್ಕನಿಗೆ ಕಡಿಮೆ ಬಿದ್ದದ್ದು ಎರಡೇ ತಿಂಗಳು. ಆ ಎರಡು ತಿಂಗಳನ್ನು ಅದೇ ಫ್ಯಾಕ್ಟರಿಯಲ್ಲೇ ತುಂಬಬೇಕು ಅಂತ ಇರಲಿಲ್ಲ. ಪಿಎಫ್ ಇರುವ ಯಾವ ಊರಿನ ಯಾವ ಕೆಲಸವಾದರೂ ಆಗುತ್ತಿತ್ತು, ವರ್ಷ ಬಿಟ್ಟು ಸೇರಿದ್ದರೂ ನಡೆಯುತ್ತಿತ್ತು. 10ಸಿ ಹಾಕಿ ರೊಕ್ಕ ತೆಗೆದ ದಿನವೇ ಹಿಂದಿನ ಒಂಬತ್ತು ವರ್ಷ ಅಳಿಸಿಹೋಯಿತು.

ಆಗ ಅವಳ ಸಂಬಳ 11,000 ಇತ್ತು. ಪಿಂಚಣಿಯ ಲೆಕ್ಕ ಸುಲಭ: ಕೊನೆಯ 60 ತಿಂಗಳ ಸರಾಸರಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಸರಾಸರಿ 11,000 ಅಂತ ಹಿಡಿದರೆ, ಹತ್ತು ವರ್ಷಕ್ಕೆ 1,571 ರೂಪಾಯಿ. 58ರಿಂದ ತಿಂಗಳಿಗೆ ಅಷ್ಟು. ಇಡುಗಂಟಾಗಿ ಬಂದದ್ದು ಒಂದು ಲಕ್ಷದ ಆಸುಪಾಸು. ಆ ರೊಕ್ಕದಲ್ಲಿ ಮನೆಗೆ ಸ್ಲ್ಯಾಬ್ ಬಿತ್ತು. ಅದು ಬೇಕಿತ್ತು, ನಾನು ಇಲ್ಲ ಅನ್ನಲ್ಲ. ಆದರೆ ಪಿಎಫ್ ಗಂಟಿನಲ್ಲೇ ಅದಕ್ಕೆ ಸಾಕಾಗುವಷ್ಟಿತ್ತು. 19 ಒಂದನ್ನೇ ಹಾಕಿ 10ಸಿ ಬಿಟ್ಟಿದ್ದರೆ ಸ್ಲ್ಯಾಬೂ ಆಗುತ್ತಿತ್ತು, ಪಿಂಚಣಿಯ ದಾರಿಯೂ ತೆರೆದೇ ಇರುತ್ತಿತ್ತು. ಯಾರಾದರೂ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆ ಮಾತು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತೆಗೆಯೋದು, ಸರ್ಟಿಫಿಕೇಟ್ ಮಾಡಿಸೋದು, ಮುಂದುವರಿಸೋದು

ಊರಿಗೆ ಬಂದವರ ಪಿಂಚಣಿ ಗಂಟಿಗೆ ಇರುವ ದಾರಿಗಳು ಇವು ಮೂರೇ.

ತೆಗೆಯೋದು ಅಂದರೆ 10ಸಿ ಹಾಕಿ ಇಡುಗಂಟು ಪಡೆಯೋದು. ಒಂದು ವರ್ಷದ ಸೇವೆಗೆ ಹೆಚ್ಚುಕಡಿಮೆ ಒಂದು ತಿಂಗಳ ಸಂಬಳ ಅಂತ ಅಂದಾಜು ಹಿಡಿಯಿರಿ. ಮೊದಲು ಆರು ತಿಂಗಳೊಳಗೆ ಬಿಟ್ಟವರಿಗೆ ಏನೂ ಸಿಗುತ್ತಿರಲಿಲ್ಲ. 2024ರ ಜೂನ್‌ನಲ್ಲಿ ಆ ನಿಯಮ ತಿದ್ದಿದರು. ಈಗ ತಿಂಗಳ ಲೆಕ್ಕದಲ್ಲೇ ಕೊಡುತ್ತಾರೆ. ಹತ್ತು ವರ್ಷ ಆದವರಿಗೆ ಮಾತ್ರ ಈ ದಾರಿ ಮುಚ್ಚಿರುತ್ತದೆ. ಅವರಿಗೆ ಪಿಂಚಣಿಯೇ.

ಸರ್ಟಿಫಿಕೇಟ್ ಅಂದರೆ ಸ್ಕೀಮ್ ಸರ್ಟಿಫಿಕೇಟ್. ಇದಕ್ಕೂ ಅದೇ 10ಸಿ. ರೊಕ್ಕ ಬೇಡ, ನನ್ನ ವರ್ಷಗಳನ್ನು ಬರೆದುಕೊಡಿ ಅಂತ ಕೇಳೋದು. ಉಮಂಗ್ ಆ್ಯಪ್‌ನಲ್ಲೂ ಅರ್ಜಿ ಹಾಕಬಹುದು. ಎಷ್ಟು ವರ್ಷ ದುಡಿದಿದ್ದೀರಿ, ಸಂಬಳ ಎಷ್ಟಿತ್ತು, ಮನೆಯವರು ಯಾರು, ಎಲ್ಲ ಅದರಲ್ಲಿ ಇರುತ್ತದೆ. ಮುಂದೆ ಮತ್ತೆ ಪಿಎಫ್ ಕೆಲಸ ಸಿಕ್ಕರೆ ಈ ವರ್ಷಗಳು ಅದಕ್ಕೆ ಸೇರುತ್ತವೆ.

ಮುಂದುವರಿಸೋದು ಅಂದರೆ ಇಲ್ಲೇ ಪಿಎಫ್ ಇರುವ ಕೆಲಸ ಹಿಡಿದು ಹಳೇ ಖಾತೆಯನ್ನು ಅದಕ್ಕೆ ಜೋಡಿಸೋದು. ನನ್ನ ಕಣ್ಣಿಗೆ ಮೂರರಲ್ಲಿ ಒಳ್ಳೇದು ಇದು. ಕಷ್ಟದ್ದೂ ಇದೇ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಕೊಪ್ಪಳದ ಗಿಣಿಗೇರಾ ಕಡೆಯ ಕಬ್ಬಿಣದ ಫ್ಯಾಕ್ಟರಿಗಳು, ಶಕ್ತಿನಗರದ ವಿದ್ಯುತ್ ಸ್ಥಾವರ, ಹಟ್ಟಿ ಚಿನ್ನದ ಗಣಿ, ಇಂಥ ಕಡೆ ಗುತ್ತಿಗೆದಾರರ ಕೈಕೆಳಗೆ ಸೇರಿದರೂ ಪಿಎಫ್ ಹಿಡಿಯಬೇಕು. 20 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆಯೆಲ್ಲ ಕಾನೂನು ಲಾಗೂ. ಗಂಗಾವತಿ, ಕಾರಟಗಿ, ಸಿಂಧನೂರಿನ ರೈಸ್‌ಮಿಲ್‌ಗಳಲ್ಲಿ ಕೇಳಿ ನೋಡಿ. ಬಳ್ಳಾರಿಯ ಜೀನ್ಸ್ ಹೊಲಿಯುವ ಸಣ್ಣ ಘಟಕಗಳಲ್ಲಿ ಅಷ್ಟು ಜನ ಇರೋದೇ ಕಡಿಮೆ, ಅಲ್ಲಿ ಆಸೆ ಇಟ್ಟುಕೊಳ್ಳಬೇಡಿ. ಬೆಂಗಳೂರಿನಲ್ಲಿ 14,000 ಎಣಿಸಿದವರಿಗೆ ಇಲ್ಲಿನ 10,000 ಕಡಿಮೆ ಅನ್ನಿಸುತ್ತದೆ. ಆದರೆ ಏಳೆಂಟು ವರ್ಷ ಆಗಲೇ ಕೂಡಿದ್ದರೆ, ಉಳಿದ ಎರಡು ವರ್ಷ ಕಡಿಮೆ ಸಂಬಳಕ್ಕಾದರೂ ಪಿಎಫ್ ಇರುವ ಕಡೆ ಸೇರಿ ಅಂತಲೇ ನಾನು ಹೇಳೋದು.

ಯಾರಿಗೆ ಯಾವುದು? ನಾನು ಎರಡು ಪ್ರಶ್ನೆ ಕೇಳುತ್ತೇನೆ. ವಯಸ್ಸೆಷ್ಟು? ಎಷ್ಟು ವರ್ಷ ಕೂಡಿದೆ?

ವಯಸ್ಸು 30, ಸೇವೆ ನಾಲ್ಕು ವರ್ಷ, ಇನ್ನು ಹೊಲದ ಕೆಲಸವೇ, ಹೊರಗೆ ಹೋಗಲ್ಲ ಅನ್ನುವವರು ತೆಗೆದರೆ ನಾನು ತಡೆಯಲ್ಲ. ಸಂಬಳ 10,000 ಇದ್ದರೆ ಸುಮಾರು 40,000 ಬರುತ್ತದೆ. ಅಲ್ಲೇ ಬಿಟ್ಟರೆ ಬಡ್ಡಿ ಇಲ್ಲ, ಹತ್ತು ವರ್ಷವೂ ತುಂಬಲ್ಲ. ಅದನ್ನೇ ಶೇ. 6.5ರ ಎಫ್‌ಡಿಯಲ್ಲಿ ಇಟ್ಟು ಮರೆತರೆ 58ಕ್ಕೆ 2.3 ಲಕ್ಷ ದಾಟುತ್ತದೆ. ಆದರೆ "ಮರೆತರೆ" ಅನ್ನೋದು ದೊಡ್ಡ ಮಾತು. ಬೋರ್ ಕೊರೆಸುವಾಗ, ಮದುವೆ ಬಂದಾಗ, ಎಮ್ಮೆ ತರುವಾಗ ಎಫ್‌ಡಿ ಮುರಿಯದೆ ಇಟ್ಟ ಮನೆಯನ್ನು ನಾನಿನ್ನೂ ನೋಡಿಲ್ಲ.

ವಯಸ್ಸು 44, ಸೇವೆ ಒಂಬತ್ತು ವರ್ಷದ ಮೇಲೆ. ಅಕ್ಕನ ಲೆಕ್ಕವೇ ಹಿಡಿಯಿರಿ. ಒಂದು ಲಕ್ಷ ಮುರಿಯದೆ ಇದ್ದರೂ ಅದೇ ಬಡ್ಡಿಗೆ 14 ವರ್ಷದಲ್ಲಿ 2.4 ಲಕ್ಷ ಆಗುತ್ತದೆ. ಅದರ ತಿಂಗಳ ಬಡ್ಡಿ ಸುಮಾರು 1,300. ಪಿಂಚಣಿ 1,571. ನಲವತ್ತು ದಾಟಿದವರು, ಏಳೆಂಟು ವರ್ಷ ಕೂಡಿದವರು ದಯವಿಟ್ಟು 10ಸಿ ರೊಕ್ಕಕ್ಕೆ ಕೈ ಹಾಕಬೇಡಿ.

ಎಫ್‌ಡಿ ಕೊಡದ ಇನ್ನೊಂದು ಇದೆ. ಹತ್ತು ವರ್ಷ ತುಂಬಿದವರು ಕೆಲಸ ಬಿಟ್ಟು ಊರಿಗೆ ಬಂದ ಮೇಲೆ, 58 ಆಗುವ ಮುಂಚೆಯೇ ತೀರಿಕೊಂಡರೆ ಹೆಂಡತಿಗೆ ಅಥವಾ ಗಂಡನಿಗೆ ಪಿಂಚಣಿ ಶುರುವಾಗುತ್ತದೆ. ಎರಡು ಮಕ್ಕಳವರೆಗೆ 25 ವರ್ಷ ಆಗುವ ತನಕ ಅವರಿಗೂ ಪಾಲು ಇದೆ. ಹೊಲದಲ್ಲಿ ಹಾವು ಕಡಿದು ಹೋದ ಒಬ್ಬರ ಮನೆಗೆ ಈ ಪಿಂಚಣಿ ಮಾಡಿಸಿಕೊಟ್ಟಿದ್ದೇನೆ. ಆ ತಾಯಿ ಪ್ರತಿ ತಿಂಗಳು ಬಂದು ಬ್ಯಾಲೆನ್ಸ್ ನೋಡಿಸಿಕೊಂಡು ಹೋಗುತ್ತಾರೆ. ರೊಕ್ಕ ದೊಡ್ಡದಲ್ಲ, ಕನಿಷ್ಠ ಪಿಂಚಣಿ 1,000 ಅಂತ 2014ರಲ್ಲಿ ಮಾಡಿದ್ದು ಅಲ್ಲೇ ನಿಂತಿದೆ. ಬೆಲೆ ಏರಿದ ಹಾಗೆ ಈ ಪಿಂಚಣಿ ಏರುವುದಿಲ್ಲ. ಇದು ಅನ್ಯಾಯ ಅಂತ ನನಗೆ ಅನ್ನಿಸುತ್ತದೆ. ಆದರೂ ಏನೂ ಇಲ್ಲದ ತಿಂಗಳಿಗೂ ಸಾವಿರ ಇರುವ ತಿಂಗಳಿಗೂ ಆ ಮನೆಯಲ್ಲಿ ಎಷ್ಟು ವ್ಯತ್ಯಾಸ ಅಂತ ನಾನು ಕಣ್ಣಾರೆ ನೋಡುತ್ತಿದ್ದೇನೆ.

50 ದಾಟಿದವರಿಗೆ ಬೇಗ ಪಿಂಚಣಿ ತೆಗೆದುಕೊಳ್ಳುವ ಅವಕಾಶವಿದೆ. 58ಕ್ಕೆ ಎಷ್ಟು ವರ್ಷ ಕಡಿಮೆಯೋ ವರ್ಷಕ್ಕೆ ಶೇ. 4ರಂತೆ ಕಡಿತ. 50ಕ್ಕೇ ಶುರು ಮಾಡಿದರೆ ಕಾಲುಭಾಗಕ್ಕಿಂತ ಜಾಸ್ತಿ ಹೋಗುತ್ತದೆ, ಅದೂ ಜೀವನಪೂರ್ತಿ. ತೀರಾ ಕಾಯಿಲೆ ಇದ್ದರೆ ಸರಿ, ಇಲ್ಲವಾದರೆ ಕಾಯಿರಿ. ಉಲ್ಟಾ, 60ರವರೆಗೆ ತಡೆದರೆ ವರ್ಷಕ್ಕೆ ಶೇ. 4ರಂತೆ ಏರುತ್ತದೆ.

ರೊಕ್ಕ ನಮ್ಮದು ಅನ್ನುವ ಮಾತು

ಇಷ್ಟೆಲ್ಲ ಹೇಳಿದ ಮೇಲೂ ಕೆಲವರು ಸಿಟ್ಟಾಗುತ್ತಾರೆ. "ನಮ್ಮ ರೊಕ್ಕ ನಮಗೆ ಕೊಡಲಿಕ್ಕೆ ಇಷ್ಟು ಮಾತ್ಯಾಕ್ರಿ?" ಆ ಸಿಟ್ಟು ಸುಮ್ನೆ ಬಂದದ್ದಲ್ಲ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಒಂದು ನಿಯಮ ತಂದಿತ್ತು. ಮಾಲೀಕರು ಕಟ್ಟಿದ ಪಿಎಫ್ ಪಾಲನ್ನು 58ರವರೆಗೆ ಮುಟ್ಟುವ ಹಾಗಿಲ್ಲ ಅಂತ. ಏಪ್ರಿಲ್ 18 ಮತ್ತು 19ಕ್ಕೆ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ಎರಡನೇ ದಿನವೇ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ನಲವತ್ತಕ್ಕೇ ಬೆನ್ನು ಸೋತು ಊರಿಗೆ ಬರುವವರಿಗೆ 58 ಅನ್ನೋದು ಎಷ್ಟು ದೂರ ಅಂತ ಅವರಿಗೆ ಗೊತ್ತಿತ್ತು.

2025ರ ಅಕ್ಟೋಬರ್‌ನಲ್ಲಿ ಪಿಎಫ್ ಟ್ರಸ್ಟಿಗಳ ಮಂಡಳಿ ಮತ್ತೊಂದು ತೀರ್ಮಾನ ಮಾಡಿತು. ಕೆಲಸ ಹೋದ ತಕ್ಷಣ ಪಿಎಫ್ ಗಂಟಿನ ಶೇ. 75 ತೆಗೆಯಬಹುದು, ಪೂರ್ತಿ ತೆಗೆಯಲು ಎರಡು ತಿಂಗಳ ಬದಲು 12 ತಿಂಗಳು ಕಾಯಬೇಕು, ಪಿಂಚಣಿ ಗಂಟು ತೆಗೆಯಲು ಎರಡು ತಿಂಗಳ ಬದಲು 36 ತಿಂಗಳು ಕಾಯಬೇಕು ಅಂತ. ಅರ್ಜಿ ಹಾಕುವ ದಿನ ಯಾವ ನಿಯಮ ನಡೆಯುತ್ತಿದೆ ಅಂತ ಪಿಎಫ್ ಸಹಾಯವಾಣಿ 14470ಕ್ಕೆ ಫೋನ್ ಮಾಡಿ ಕೇಳಿಕೊಂಡೇ ಕೂರಿ. ಪಿಂಚಣಿ ಗಂಟು ತೆಗೆಯಲು ಮೂರು ವರ್ಷ ಕಾಯಬೇಕಾದರೆ, ಅಷ್ಟರಲ್ಲಿ ಇಲ್ಲೇ ಕೆಲಸ ಹುಡುಕಿ ಹತ್ತು ವರ್ಷ ತುಂಬಿಸುವ ಯೋಚನೆ ಮಾಡಿ.

ಇನ್ನೊಂದು ಸಣ್ಣ ವಿಷಯ. ಸೇವೆ ಐದು ವರ್ಷ ಆಗದೆ ಪಿಎಫ್ ತೆಗೆದರೆ, ಮೊತ್ತ 50,000 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ತೆರಿಗೆ ಹಿಡಿಯುತ್ತಾರೆ. ಪ್ಯಾನ್ ಜೋಡಿಸಿದ್ದರೆ ಶೇ. 10. ತೆರಿಗೆ ಬೀಳದಷ್ಟು ಕಡಿಮೆ ಆದಾಯದವರು ಹಾಗಂತ ಬರೆದುಕೊಡುವ ಘೋಷಣೆ ಫಾರ್ಮ್ ಹಾಕಿದರೆ ಹಿಡಿಯಲ್ಲ.

ತೋರಣಗಲ್ಲು ಕಡೆ ದುಡಿದು ಬಿಹಾರ, ಒಡಿಶಾಗೆ ವಾಪಸ್ ಹೋಗುವ ಹುಡುಗರಿಗೂ ಲೆಕ್ಕ ಇದೇ. ಅವರ ಒಂದು ಭಯ ಈಗ ಇಲ್ಲ. 2025ರ ಜನವರಿಯಿಂದ ದೇಶದ ಯಾವ ಬ್ಯಾಂಕ್‌ನ ಯಾವ ಶಾಖೆಗಾದರೂ ಪಿಂಚಣಿ ಬರುತ್ತದೆ. ಊರು ಬದಲಾಯಿತು ಅಂತ ಕಾಗದ ವರ್ಗ ಮಾಡಿಸುತ್ತ ಓಡಾಡಬೇಕಿಲ್ಲ.

ಸೌದಿ, ದುಬೈನಿಂದ ಬಂದವರ ಲೆಕ್ಕ ಬೇರೆ

ನಮ್ಮ ಕಡೆಯಿಂದ ಕೊಲ್ಲಿಗೆ ಹೋದವರು ಬಂದು, "ಅಲ್ಲಿ ಕಟ್ಟಿದ ಪಿಂಚಣಿ ಇಲ್ಲಿ ಬರ್ತದಾ?" ಅಂತ ಕೇಳುತ್ತಾರೆ. ಇಲ್ಲ. ಹೊರಗಿನಿಂದ ಹೋದ ಕೂಲಿಗಾರರಿಗೆ ಅಲ್ಲಿ ತಿಂಗಳ ಪಿಂಚಣಿ ಇಲ್ಲ, ಕೆಲಸ ಬಿಡುವಾಗ ಕೊಡುವ ಇಡುಗಂಟು ಇದೆ. ಜರ್ಮನಿ, ಜಪಾನ್, ಕೊರಿಯಾದಂಥ ದೇಶಗಳ ಜೊತೆ ಭಾರತಕ್ಕೆ ಸಾಮಾಜಿಕ ಭದ್ರತೆಯ ಒಪ್ಪಂದ ಇದೆ. ಕೊಲ್ಲಿ ದೇಶಗಳ ಜೊತೆ ಇಲ್ಲ. ಹಾಗಾಗಿ ಆ ಇಡುಗಂಟೇ ಎಲ್ಲ. ವಿಮಾನ ಹತ್ತುವ ಮುಂಚೆ ಅದು ಕೈಗೆ ಬರಬೇಕು.

ಯುಎಇಯಲ್ಲಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲೆ ವರ್ಷಕ್ಕೆ 30 ದಿನದ್ದು. ಬೇಸಿಕ್ 1,000 ದಿರ್ಹಮ್ ಇದ್ದವರು ಎಂಟು ವರ್ಷ ದುಡಿದರೆ 195 ದಿನ, ಅಂದರೆ 6,500 ದಿರ್ಹಮ್. ರೂಮು, ಊಟದ ಭತ್ಯೆ ಇದಕ್ಕೆ ಸೇರಲ್ಲ. 2022ರ ಫೆಬ್ರವರಿಯಿಂದ ಜಾರಿಗೆ ಬಂದ ಕಾನೂನಿನಲ್ಲಿ, ನೀವಾಗಿಯೇ ಬಿಟ್ಟರೂ ಕಡಿತ ಇಲ್ಲ. ವರ್ಷ ತುಂಬಿರಬೇಕು ಅಷ್ಟೇ. 14 ದಿನದಲ್ಲಿ ಬಾಕಿ ಚುಕ್ತಾ ಮಾಡಬೇಕು.

ಸೌದಿಯಲ್ಲಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ನಂತರ ವರ್ಷಕ್ಕೆ ಒಂದು ತಿಂಗಳದ್ದು. ಆದರೆ ಇಲ್ಲಿ ಹೇಗೆ ಬಿಟ್ಟಿರಿ ಅನ್ನೋದು ಮುಖ್ಯ. ರಾಜೀನಾಮೆ ಕೊಟ್ಟರೆ ಎರಡು ವರ್ಷದೊಳಗೆ ಏನೂ ಇಲ್ಲ, ಐದರೊಳಗೆ ಮೂರರಲ್ಲಿ ಒಂದು ಭಾಗ, ಹತ್ತರೊಳಗೆ ಮೂರರಲ್ಲಿ ಎರಡು ಭಾಗ, ಹತ್ತಾದ ಮೇಲೆ ಪೂರ್ತಿ. 1,500 ರಿಯಾಲ್ ಸಂಬಳಕ್ಕೆ ಎಂಟು ವರ್ಷ ದುಡಿದವರಿಗೆ ಪೂರ್ತಿ ಅಂದರೆ 8,250 ರಿಯಾಲ್. ರಾಜೀನಾಮೆ ಬರೆದುಕೊಟ್ಟರೆ 5,500. ಅರಬ್ಬಿಯಲ್ಲಿ ಬರೆದ ಕಾಗದಕ್ಕೆ ಸಹಿ ಹಾಕುವ ಮುಂಚೆ, ಅದು ರಾಜೀನಾಮೆಯೋ ಒಪ್ಪಂದ ಮುಗಿದದ್ದೋ ಅಂತ ಓದಲು ಬರುವವರಿಂದ ಓದಿಸಿ. ಒಂದು ಸಹಿಯ ಮೇಲೆ 2,750 ರಿಯಾಲ್ ನಿಂತಿದೆ.

ಬಂದ ರೊಕ್ಕದಿಂದ ಇಲ್ಲಿ ಪಿಂಚಣಿ ಕಟ್ಟಿಕೊಳ್ಳಬೇಕು ಅಂದರೆ ಇಪಿಎಸ್‌ಗೆ ಸ್ವಂತವಾಗಿ ಸೇರಲು ಬರುವುದಿಲ್ಲ. 40ರೊಳಗಿನವರಿಗೆ ಎರಡು ಯೋಜನೆಗಳಿವೆ. 30ನೇ ವಯಸ್ಸಿಗೆ ಸೇರಿದರೆ ಶ್ರಮಯೋಗಿ ಮಾನ್‌ಧನ್‌ಗೆ ತಿಂಗಳಿಗೆ 105 ರೂಪಾಯಿ, ಅಷ್ಟನ್ನೇ ಸರ್ಕಾರವೂ ಕಟ್ಟುತ್ತದೆ, 60ರಿಂದ 3,000 ಪಿಂಚಣಿ. ಅಟಲ್ ಪಿಂಚಣಿಯಲ್ಲಿ ಅದೇ ವಯಸ್ಸಿಗೆ ಅದೇ 3,000ಕ್ಕೆ 347 ಕಟ್ಟಬೇಕು. ಮಾನ್‌ಧನ್ ಅಗ್ಗ, ನಿಜ. ಆದರೆ ಅದರಲ್ಲಿ ಗಂಡ ಹೋದ ಮೇಲೆ ಹೆಂಡತಿಗೆ ಅರ್ಧ, ಇಬ್ಬರೂ ಹೋದ ಮೇಲೆ ಮಕ್ಕಳಿಗೆ ಏನೂ ಇಲ್ಲ. ಅಟಲ್‌ನಲ್ಲಿ ಹೆಂಡತಿಗೆ ಪೂರ್ತಿ ಪಿಂಚಣಿ, ಆಮೇಲೆ ನಾಮಿನಿಗೆ 5.1 ಲಕ್ಷ. ಅಟಲ್ ಅನ್ನು ಮೂರು ತಿಂಗಳಿಗೊಮ್ಮೆ, ಆರು ತಿಂಗಳಿಗೊಮ್ಮೆಯೂ ಕಟ್ಟಬಹುದು. ಭತ್ತ, ಹತ್ತಿ ಮಾರಿದಾಗ ಮಾತ್ರ ಕೈಯಲ್ಲಿ ರೊಕ್ಕ ಇರುವ ನಮ್ಮಂಥವರಿಗೆ ಇದು ಹೊಂದುತ್ತದೆ. ನಾನು ಅಟಲ್ ಅನ್ನೇ ಹೇಳುತ್ತೇನೆ. ಪಿಎಫ್ ಕೆಲಸದಲ್ಲಿ ಇರುವವರಿಗೆ ಮಾನ್‌ಧನ್ ಇಲ್ಲ ಅನ್ನೋದನ್ನೂ ನೆನಪಿಡಿ. 40 ದಾಟಿದವರಿಗೆ ಉಳಿಯೋದು ಎನ್‌ಪಿಎಸ್, ಅಂದರೆ ರಾಷ್ಟ್ರೀಯ ಪಿಂಚಣಿ ಯೋಜನೆ.

ಬೆಂಗಳೂರು, ಗೋವಾದ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಬಹಳಷ್ಟು ಮಂದಿಗೆ ಪಿಎಫ್ ಅನ್ನೋದೇ ಇಲ್ಲ. ಅವರು ಕರ್ನಾಟಕದಲ್ಲಿ ವರ್ಷಕ್ಕೆ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಇಲ್ಲಿನ ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್ ಮಾಡಿಸಿ, ತಪ್ಪದೆ ನವೀಕರಿಸಿಕೊಳ್ಳಿ. 60ರ ನಂತರದ ಪಿಂಚಣಿ ಆ ಕಾರ್ಡ್ ಮೇಲೆ ನಿಂತಿದೆ. ಗೋವಾದ ಮಂಡಳಿ ಬೇರೆ, ಕರ್ನಾಟಕದ್ದು ಬೇರೆ.

ಬಸ್ ಹತ್ತುವ ಮುಂಚೆ

ಅರ್ಜಿ ವಾಪಸ್ ಬರೋದು ಹೆಚ್ಚಾಗಿ ಹೆಸರಿನಿಂದ. ಆಧಾರ್‌ನಲ್ಲಿ ಹುಲಿಗೆಮ್ಮ, ಪಿಎಫ್‌ನಲ್ಲಿ ಹುಲಿಗೆವ್ವ. ಒಂದು ಕಡೆ ತಂದೆಯ ಹೆಸರು ಮುಂದೆ, ಇನ್ನೊಂದು ಕಡೆ ಹಿಂದೆ. ಹುಟ್ಟಿದ ತಾರೀಖು ಎಲ್ಲರದ್ದೂ ಜನವರಿ 1. ಫ್ಯಾಕ್ಟರಿಯಲ್ಲಿ ಇರುವಾಗಲೇ ಇದನ್ನು ಸರಿ ಮಾಡಿಸಿದರೆ ಒಂದು ದಿನದ ಕೆಲಸ. ಊರಿಗೆ ಬಂದ ಮೇಲೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಗುತ್ತಿಗೆದಾರ ಬದಲಾದಾಗ ಹೊಸ ಯುಎಎನ್, ಅಂದರೆ ಹೊಸ ಪಿಎಫ್ ಸದಸ್ಯ ನಂಬರ್, ಕೊಟ್ಟಿದ್ದಾರಾ ನೋಡಿ. ಎರಡು ಯುಎಎನ್ ಇದ್ದರೆ ಐದು ವರ್ಷ ಒಂದರಲ್ಲಿ, ಐದು ವರ್ಷ ಇನ್ನೊಂದರಲ್ಲಿ ಕೂತು, ಹತ್ತು ವರ್ಷ ದುಡಿದವರಿಗೂ ಹತ್ತು ಕಾಣಿಸಲ್ಲ. ಹಳೆಯದನ್ನು ಹೊಸದಕ್ಕೆ ವರ್ಗ ಮಾಡಿಸಿ. ಕೆಲಸ ಬಿಟ್ಟ ದಿನಾಂಕವನ್ನು ಮಾಲೀಕರು ಹಾಕದಿದ್ದರೆ ಎರಡು ತಿಂಗಳ ನಂತರ ನೀವೇ ಪೋರ್ಟಲ್‌ನಲ್ಲಿ ಹಾಕಬಹುದು. ರಿಜಿಸ್ಟರ್ ಆದ ಮೊಬೈಲ್ ನಂಬರ್ ಕಳೆದುಕೊಳ್ಳಬೇಡಿ. ಆ ನಂಬರ್‌ನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಖಾತೆಯ ವಿವರ ಮೆಸೇಜ್ ಬರುತ್ತದೆ. ಬಳ್ಳಾರಿಯಲ್ಲೂ ರಾಯಚೂರಿನಲ್ಲೂ ಪಿಎಫ್ ಕಚೇರಿ ಇದೆ. ಪ್ರತಿ ತಿಂಗಳು 27ಕ್ಕೆ ಜಿಲ್ಲೆಗೊಂದು ಕಡೆ "ನಿಧಿ ಆಪ್ಕೆ ನಿಕಟ್" ಶಿಬಿರವೂ ನಡೆಯುತ್ತದೆ. ಏಜೆಂಟ್‌ಗೆ 500 ಕೊಡುವ ಬದಲು ಪಾಸ್‌ಬುಕ್ ಪ್ರಿಂಟ್ ಹಿಡಿದು ಅಲ್ಲಿಗೆ ಹೋಗಿ.

ಅಕ್ಕ ಹೋದ ವರ್ಷ ಕೊಪ್ಪಳದ ಹತ್ತಿರದ ಒಂದು ಫ್ಯಾಕ್ಟರಿಯ ಕ್ಯಾಂಟೀನ್‌ನಲ್ಲಿ ಕೆಲಸಕ್ಕೆ ಸೇರಿದಳು. ಈಗ 48. ಅವಳ ವರ್ಷಗಳು ಮತ್ತೆ ಒಂದರಿಂದ ಶುರು. 58ಕ್ಕೆ ಹತ್ತು ತುಂಬಬಹುದು, ಬಿಡದೆ ಮಾಡಿದರೆ. ಹುಣ್ಣಿಮೆಗೊಮ್ಮೆ ಹುಲಿಗಿಗೆ ಹೋಗಿ ಬರುವಾಗ ನನ್ನ ಅಂಗಡಿಗೆ ಬಂದು, ಕೊನೆಯ ಕಾಲಂ ತೋರಿಸು ಅನ್ನುತ್ತಾಳೆ.